ಮುಂದಾಳಿಲ್ಲದ ಮೇಳ

(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ಇಲ್ಲಿ ನಿಂತು ಮಾತನಾಡಬೇಕಾಗಿದ್ದವರು ನಾವಲ್ಲ. ಧಾರವಾಡದಿಂದ ಬರಬೇಕಾಗಿದ್ದ ಅತಿಥಿಗಳಿಗೆ ಪ್ರಯಾಣ ಕೂಡಿಬರಲಿಲ್ಲ. ಕೂಟ ಬರಿದಾಗಬಾರದೆಂದು ಕಾರ್ಯದರ್ಶಿಗಳು, ಬೀಗದ ಕೈ ಇಟ್ಟುಕೊಂಡವರೇ ನಾಲ್ಕು ಮಾತು ಆಡಲಿ ಎಂದು ಅಪ್ಪಣೆ ಮಾಡಿದರು. ನಾವು ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನರು. ಮೆಟ್ರಿಕ್ ಮುಗಿದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಸಂಗೀತದ ವಿಷಯದಲ್ಲಿ ನಮಗಿರುವ ಅಧಿಕಾರ ಬರಿಯ ಕೇಳುಗನದು. ತಪ್ಪಿದ್ದಲ್ಲಿ ತಿಳಿದವರು ತಿದ್ದಬೇಕು.

ವಿಷಯ ಅಮೇರಿಕೆಯ ನಾಲ್ಕು ಜನ ತಂತಿವಾದ್ಯಗಾರರದು. ಎಲ್ಲಿಯ ಅಮೇರಿಕೆ, ಎಲ್ಲಿಯ ನಮ್ಮ ವಾಚನಾಲಯ ಎಂದು ತಾವು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಬಾಗಿಲನ್ನು ಪಾಳಿಯ ಮೇಲೆ ತೆಗೆಯುವವರು ನಾವು ನಾಲ್ವರು ಎಂಬುದು ತಮಗೆ ಗೊತ್ತೇ ಇದೆ. ನಾಲ್ವರಲ್ಲಿ ಹಿರಿಯರೊಬ್ಬರು ನಿವೃತ್ತರಾಗಿ ಯುಗಾದಿಯ ಹೊತ್ತಿಗೆ ಊರಿಗೆ ಮರಳುತ್ತಾರೆ. ಇನ್ನೊಬ್ಬರಿಗೆ ಬೇರೆ ಊರಿಗೆ ವರ್ಗವಾಗಿದೆ. ಉಳಿಯುವವರು ಇಬ್ಬರು. ಕಳೆದ ಸಭೆಯಲ್ಲಿ, ‘ಇಬ್ಬರಿಂದ ಆಗುವ ಕೆಲಸವಲ್ಲ, ಪುಸ್ತಕಗಳನ್ನು ಯಾವುದಾದರೂ ಶಾಲೆಗೆ ಕೊಟ್ಟು ಬಾಗಿಲು ಹಾಕೋಣ’ ಎಂಬ ಮಾತೂ ಬಂದುಹೋಯಿತು. ಆ ಮಾತು ಕೇಳಿದಂದಿನಿಂದ ಈ ನಾಲ್ವರು ವಾದಕರ ಕಥೆ ನಮ್ಮ ತಲೆಯಿಂದ ಹೋಗಿಲ್ಲ.

ಪಾಶ್ಚಾತ್ಯರಲ್ಲಿ ಚೇಂಬರ್ ಸಂಗೀತ ಎಂಬುದೊಂದಿದೆ. ಚೇಂಬರ್ ಎಂದರೆ ಕೋಣೆ. ಎಂಬತ್ತು ನೂರು ಜನ ಕೂತು ನುಡಿಸುವ ವಾದ್ಯವೃಂದ ದೊಡ್ಡ ಸಭಾಗೃಹಕ್ಕೆ ಸಲ್ಲುವಂಥದು. ಇದು ಮನೆಯ ಪಡಸಾಲೆಗೆ ಹೊಂದುವಂಥದು. ನಮ್ಮ ಕಡೆಯ ಬೈಠಕ್ ನೆನೆದುಕೊಂಡರೆ ಸಾಕು. ಇದರಲ್ಲಿ ಹೆಸರಾದ ಕೂಟವೆಂದರೆ ಸ್ಟ್ರಿಂಗ್ ಕ್ವಾರ್ಟೆಟ್. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾಗಿ ದನಿಯೂ ತುಸು ಇಳಿದಿರುವ ವಯೋಲಾ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಸೆಲ್ಲೋ, ಹೀಗೆ ನಾಲ್ಕು ವಾದ್ಯ, ನಾಲ್ಕು ಜನ. ಆಸ್ಟ್ರಿಯದ ಹೈಡನ್ (1732–1809) ಎಂಬ ಸಂಗೀತಗಾರ ಇದಕ್ಕೆಂದೇ ಅರವತ್ತಕ್ಕೂ ಹೆಚ್ಚು ಕೃತಿಗಳನ್ನು ಬರೆದು ಇದಕ್ಕೊಂದು ನಿಲುವು ತಂದುಕೊಟ್ಟ.

ಪಿಟೀಲು ನಮಗೆ ಹೊಸದಲ್ಲ. ಆದರೆ ನಮ್ಮ ಕಚೇರಿಯಲ್ಲಿ ಅದು ಬಹಳಮಟ್ಟಿಗೆ ಹಾಡುವವರ ಜೊತೆಗೆ ಬರುವ ಪಕ್ಕವಾದ್ಯ. ದನಿ ದೂರಕ್ಕೆ ಮುಟ್ಟಲೆಂದು ಏಳು ತಂತಿಯ ಪಿಟೀಲನ್ನು ರೂಢಿಗೆ ತಂದ ಮೈಸೂರಿನ ಚೌಡಯ್ಯನವರಂಥ ಮಹಾವಿದ್ವಾಂಸರು ಕೂಡ ಎಷ್ಟೋ ಗಾಯಕರಿಗೆ ಪಕ್ಕವಾದ್ಯ ನುಡಿಸಿದವರೇ. ಹಾಡುವವರು ಮುಂದೆ, ಪಿಟೀಲು ಹಿಂದೆ. ಕ್ವಾರ್ಟೆಟ್ಟಿನಲ್ಲಿ ಹಾಗಿಲ್ಲ. ಮುಂದೆ ಕೂತು ಹಾಡುವವರಿಲ್ಲ, ವಾದ್ಯವೃಂದದಲ್ಲಿರುವಂತೆ ಕೋಲು ಬೀಸಿ ನಡೆಸುವವನಿಲ್ಲ, ತಾಳ ಹಿಡಿಯುವವರೂ ಇಲ್ಲ. ಒಂದು ಭಾಗಕ್ಕೆ ಒಬ್ಬನೇ ವಾದಕ. ಅವನು ತಪ್ಪಿದರೆ ಮುಚ್ಚಿಕೊಳ್ಳಲು ಮತ್ತೊಬ್ಬನಿಲ್ಲ.

ಹಾಗಾದರೆ ನಾಲ್ವರೂ ಒಮ್ಮೆಗೇ ಹೇಗೆ ಹೊರಡುತ್ತಾರೆ? ಉಸಿರಿನಿಂದ. ಮೊದಲ ಪಿಟೀಲಿನವನು ಒಮ್ಮೆ ಉಸಿರೆಳೆದು ಕಮಾನು ಎತ್ತುತ್ತಾನೆ. ಆ ಉಸಿರಿನ ಅಳತೆಯಿಂದಲೇ ಉಳಿದ ಮೂವರಿಗೆ ಕಾಲ ತಿಳಿಯುತ್ತದೆ. ಮುಂದೆ ರಾಗದ ಎಳೆ ವಯೋಲಾಕ್ಕೆ ಹೋದರೆ ಅಷ್ಟು ಹೊತ್ತು ವಯೋಲಾದವನೇ ಮುಂದಾಳು. ಅದು ಸೆಲ್ಲೋಗೆ ಬಂದರೆ ಉಳಿದವರು ತಮ್ಮ ದನಿಯನ್ನು ತಗ್ಗಿಸಿಕೊಳ್ಳುತ್ತಾರೆ. ನಾವು ಗಿರಣಿಯವರಾದ್ದರಿಂದ ನಮಗೆ ಹಾಸುಹೊಕ್ಕಿನ ಹೋಲಿಕೆ ಬೇಗ ಹೊಳೆಯುತ್ತದೆ. ಹಾಸಿನ ನೂಲು ದೊಡ್ಡದೋ ಹೊಕ್ಕಿನ ನೂಲು ದೊಡ್ಡದೋ ಎಂದು ಬಟ್ಟೆಯನ್ನು ಕೇಳಿದವರುಂಟೇ?

ಇಂಥ ಮೇಳಗಳು ನೂರಾರಿವೆ. ಅವುಗಳಲ್ಲಿ ಕ್ರೋನೋಸ್ ಕ್ವಾರ್ಟೆಟ್ ಎಂಬುದೊಂದು. ಅದು ಹುಟ್ಟಿದ್ದು 1973ರಲ್ಲಿ, ಅಮೇರಿಕೆಯ ಸಿಯಾಟಲ್ ನಗರದಲ್ಲಿ. ಡೇವಿಡ್ ಹ್ಯಾರಿಂಗ್ಟನ್ ಎಂಬ, ಇಪ್ಪತ್ತೈದೂ ತುಂಬದ ಪಿಟೀಲುಗಾರ ಒಂದು ರಾತ್ರಿ ರೇಡಿಯೋ ಹಚ್ಚಿಕೊಂಡು ಕೂತಿದ್ದ. ವಿಯೆಟ್ನಾಮಿನ ಯುದ್ಧ ಅಮೇರಿಕೆಯ ತರುಣರ ಮನಸ್ಸನ್ನು ಹಿಂಡಿದ್ದ ಕಾಲ ಅದು. ರೇಡಿಯೋದಲ್ಲಿ ಜಾರ್ಜ್ ಕ್ರಂಬ್ ಎಂಬವರು 1970ರಲ್ಲಿ ಬರೆದ ‘ಬ್ಲ್ಯಾಕ್ ಏಂಜಲ್ಸ್’ ಎಂಬ ಕೃತಿ ಬಂತು. ಅದರಲ್ಲಿ ತಂತಿಗಳು ಕಿರುಚುತ್ತವೆ; ವಾದಕರೇ ಜಾಗಟೆ ಬಾರಿಸುತ್ತಾರೆ, ನೀರು ತುಂಬಿದ ಗಾಜಿನ ಲೋಟಗಳ ಅಂಚಿಗೆ ಕಮಾನು ಎಳೆಯುತ್ತಾರೆ, ಬಾಯಿಂದ ಅಂಕಿಗಳನ್ನು ಎಣಿಸುತ್ತಾರೆ. ಕಿವಿಗೆ ಇಂಪಲ್ಲ. ಆದರೆ ತನ್ನ ಕಾಲದ ಸಂಕಟಕ್ಕೆ ಸರಿಯಾದ ದನಿ ಇದೇ ಎಂದು ಆ ತರುಣನಿಗೆ ಅನ್ನಿಸಿತು. ಇದನ್ನು ನುಡಿಸಲೇಬೇಕು, ಅದಕ್ಕೊಂದು ಮೇಳ ಕಟ್ಟಲೇಬೇಕು ಎಂದು ಹೊರಟ.

ಹಳೆಯ ಮಹನೀಯರ ಕೃತಿಗಳನ್ನು ಮತ್ತೆ ಮತ್ತೆ ನುಡಿಸುವ ಮೇಳಗಳು ಬೇಕಾದಷ್ಟಿದ್ದವು. ಇವರು ಬದುಕಿರುವವರಿಂದ ಹೊಸದನ್ನು ಬರೆಸಿ ನುಡಿಸುವುದೇ ತಮ್ಮ ಕೆಲಸವೆಂದು ಹಿಡಿದರು. ಬರೆಸಬೇಕಾದರೆ ಸಂಭಾವನೆ ಕೊಡಬೇಕು, ಕೈಯಲ್ಲಿ ಕಾಸಿಲ್ಲ. ಕೆನ್ ಬೆನ್‌ಶೂಫ್ ಎಂಬ ಗುರುಗಳು ಇವರಿಗಾಗಿ ಬರೆದ ಮೊದಲ ಕೃತಿಗೆ ಸಂದ ಸಂಭಾವನೆ ಒಂದು ಚೀಲ ಡೋನಟ್. ಡೋನಟ್ ಎಂದರೆ ಹಿಟ್ಟನ್ನು ಉದ್ದಿನ ವಡೆಯ ಹಾಗೆ ನಡುವೆ ತೂತು ಬಿಟ್ಟು ಕರಿದು ಸಕ್ಕರೆ ಸವರಿದ ತಿಂಡಿ. ಅಂದು ತಿಂಡಿ ಕೊಟ್ಟು ಬರೆಸಿಕೊಂಡ ಮೇಳ ಐವತ್ತು ವರ್ಷಗಳಲ್ಲಿ ಬರೆಸಿದ ಕೃತಿಗಳೂ ಹೊಂದಿಸಿಕೊಂಡ ಕೃತಿಗಳೂ ಸೇರಿ ಸಾವಿರವನ್ನು ಮೀರಿದವು. ಇದಕ್ಕೆ ಬೇಕಾದ ಹಣವನ್ನು ಅವರು ಲಾಭವಿಲ್ಲದ ಒಂದು ಸಂಘ ಕಟ್ಟಿಕೊಂಡು, ದಾನಿಗಳಿಂದಲೂ ಸಂಸ್ಥೆಗಳಿಂದಲೂ ಕೂಡಿಸುತ್ತ ಬಂದರು. ಚಂದಾ ಎತ್ತುವ ಕಷ್ಟ ನಮ್ಮ ಸಂಘಕ್ಕೊಂದೇ ಅಲ್ಲವೆಂಬುದು ಸಮಾಧಾನದ ಮಾತು.

ಆರಂಭದ ವರ್ಷಗಳಲ್ಲಿ ಮೇಳಕ್ಕೆ ಬಂದವರೂ ಹೋದವರೂ ಹಲವರು. 1977ರಲ್ಲಿ ವಯೋಲಾಕ್ಕೆ ಹ್ಯಾಂಕ್ ಡಟ್ ಬಂದರು. 1978ರಲ್ಲಿ ಎರಡನೆಯ ಪಿಟೀಲಿಗೆ ಜಾನ್ ಶೆರ್ಬಾ, ಸೆಲ್ಲೋಗೆ ಜೋನ್ ಜಾನ್ರೆನೋ ಎಂಬ ಮಹಿಳೆ ಸೇರಿದರು. ಅಷ್ಟರಲ್ಲಿ ಮೇಳ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ನೆಲೆ ನಿಂತಿತ್ತು. ಈ ನಾಲ್ವರು ಇಪ್ಪತ್ತು ವರ್ಷ ಒಟ್ಟಿಗೆ ನುಡಿಸಿದರು.

ಅವರು ನುಡಿಸಿದ್ದರಲ್ಲಿ ಒಂದನ್ನು ನಾವು ಮೂರು ಭಾನುವಾರ ಬಾಗಿಲು ಹಾಕುವ ಹೊತ್ತಿನಲ್ಲಿ ಈ ಕೋಣೆಯಲ್ಲೇ ಮೊಬೈಲಿನಿಂದ ಕೇಳಿದೆವು. ಹೆಸರು ‘ಡಿಫರೆಂಟ್ ಟ್ರೇನ್ಸ್’, ಎಂದರೆ ಬೇರೆ ಬೇರೆ ರೈಲುಗಳು. 1988ರಲ್ಲಿ ಸ್ಟೀವ್ ರೈಶ್ ಇದನ್ನು ಈ ಮೇಳಕ್ಕೆಂದು ಬರೆದುಕೊಟ್ಟರು. ರೈಶ್ ಚಿಕ್ಕವರಿದ್ದಾಗ ತಾಯಿತಂದೆ ಬೇರೆಯಾದರು. ಒಬ್ಬರು ನ್ಯೂಯಾರ್ಕಿನಲ್ಲಿ, ಇನ್ನೊಬ್ಬರು ಲಾಸ್ ಏಂಜಲೀಸಿನಲ್ಲಿ. 1939ರಿಂದ 1942ರವರೆಗೆ ಆ ಮಗು ತನ್ನನ್ನು ನೋಡಿಕೊಳ್ಳುತ್ತಿದ್ದ ದಾದಿಯ ಜೊತೆ ಆ ತುದಿಯಿಂದ ಈ ತುದಿಗೆ ರೈಲಿನಲ್ಲಿ ಓಡಾಡುತ್ತಿತ್ತು. ರೈಶ್ ಯಹೂದಿಗಳು. ಬೆಳೆದು ದೊಡ್ಡವರಾದ ಮೇಲೆ ಅವರಿಗೆ ಹೊಳೆಯಿತು: ಅದೇ ವರ್ಷಗಳಲ್ಲಿ ತಾನು ಯೂರೋಪಿನಲ್ಲಿ ಇದ್ದಿದ್ದರೆ ಹತ್ತುತ್ತಿದ್ದ ರೈಲು ಬೇರೆ; ಅದು ಸಾವಿನ ಶಿಬಿರಗಳಿಗೆ ಹೋಗುತ್ತಿದ್ದ ರೈಲು.

ಅವರು ಮಾಡಿದ್ದೇನೆಂದರೆ, ತಮ್ಮ ಹಳೆಯ ದಾದಿಯ ಮಾತು, ಆ ರೈಲುಮಾರ್ಗದಲ್ಲಿ ದುಡಿದು ನಿವೃತ್ತರಾದ ಒಬ್ಬ ಡಬ್ಬಿಯ ಪರಿಚಾರಕರ ಮಾತು, ಶಿಬಿರಗಳಿಂದ ಬದುಕುಳಿದು ಬಂದವರ ಮಾತು, ಇವನ್ನು ಟೇಪಿನಿಂದ ಕತ್ತರಿಸಿಕೊಂಡರು. ಮಾತಿನಲ್ಲಿ ಇರುವ ಏರಿಳಿತವನ್ನೇ ಸ್ವರವಾಗಿ ಬರೆದರು. ಹೆಂಗಸರ ಮಾತಿನ ಧಾಟಿ ವಯೋಲಾಕ್ಕೆ, ಗಂಡಸರದು ಸೆಲ್ಲೋಗೆ. ಕೆಳಗೆ ಪಿಟೀಲುಗಳು ಚಕ್ರದ ಲಯವನ್ನು ಬಿಡದೆ ನಡೆಸುತ್ತವೆ. ನಡುನಡುವೆ ನಿಜವಾದ ರೈಲಿನ ಸಿಳ್ಳು. ಮೂರು ಭಾಗ: ಯುದ್ಧಕ್ಕೆ ಮುಂಚಿನ ಅಮೇರಿಕ, ಯುದ್ಧಕಾಲದ ಯೂರೋಪು, ಯುದ್ಧದ ನಂತರ. ಎರಡನೆಯ ಭಾಗಕ್ಕೆ ಬಂದಾಗ ಸಿಳ್ಳಿನ ದನಿಯೇ ಬದಲಾಗುತ್ತದೆ. ಅಲ್ಲಿ ಬೆನ್ನುಹುರಿ ತಣ್ಣಗಾಗುತ್ತದೆ.

ಮೊದಲ ಭಾನುವಾರ ಕೇಳಿದವರಲ್ಲಿ ಕೆಲವರು, ‘ಇದೇನಿದು, ಮಗ್ಗದ ಖಾತೆಯ ಗದ್ದಲವನ್ನು ಇಲ್ಲಿಗೂ ತಂದಿರಾ?’ ಎಂದು ನಕ್ಕರು. ನಾವೂ ನಕ್ಕೆವು. ಮೂಲೆಯಲ್ಲಿ ಪತ್ರಿಕೆ ಓದುತ್ತ ಕೂತಿದ್ದ ನಮ್ಮ ಹಿರಿಯರು ಮಾತ್ರ ನಗಲಿಲ್ಲ. ಯುಗಾದಿಗೆ ಊರಿಗೆ ಹೊರಟಿರುವವರು ಅವರೇ. ಮುಗಿದ ಮೇಲೆ ಕನ್ನಡಕ ತೆಗೆದು, ‘ಇದು ರಿಜರ್ವ್ ಇಲ್ಲದ ಡಬ್ಬಿ’ ಎಂದರು. ಸ್ವಲ್ಪ ತಡೆದು, ‘ಅವ್ವ ತೀರಿಕೊಂಡ ಸುದ್ದಿ ಬಂದಾಗ ಬಾಗಿಲ ಹತ್ತಿರ ನಿಂತುಕೊಂಡೇ ರಾತ್ರಿಯೆಲ್ಲ ಹೋದೆ. ಚಕ್ರ ಹೀಗೇ ಏನೇನೋ ಹೇಳುತ್ತಿತ್ತು’ ಎಂದರು. ಇಂಗ್ಲಿಷ್ ಬಾರದವರು, ಪಾಶ್ಚಾತ್ಯ ಸಂಗೀತದ ಗಂಧಗಾಳಿ ಇಲ್ಲದವರು. ಅವರಿಗೆ ಹೊಳೆದದ್ದು ನಮಗೆ ಹೊಳೆದಿರಲಿಲ್ಲ. ರೈಲು ಎಂದರೆ ಏನೆಂಬುದು ಊರು ಬಿಟ್ಟು ಬಂದವರಿಗೆ ಗೊತ್ತು. ಮುಂದಿನ ಎರಡು ಭಾನುವಾರ ಮತ್ತೆ ಹಾಕಿಸಿ ಕೇಳಿದವರೂ ಅವರೇ.

ಈ ಮೇಳಕ್ಕೆ ನಮ್ಮ ದೇಶದ ನಂಟೂ ಇದೆ. 1970ರ ದಶಕದ ಕೊನೆಗೆ ಇವರು ಓಕ್ಲೆಂಡಿನ ಮಿಲ್ಸ್ ಕಾಲೇಜಿನಲ್ಲಿ ಟೆರ್ರಿ ರೈಲಿ ಎಂಬವರನ್ನು ಕಂಡರು. ಹೆಸರು ಮಿಲ್ಸ್ ಆದರೂ ಅದು ನಮ್ಮಂಥ ಗಿರಣಿಯಲ್ಲ, ವಿದ್ಯಾಲಯ! ರೈಲಿಯವರು 1970ರಿಂದ ಪಂಡಿತ ಪ್ರಾಣನಾಥರ ಶಿಷ್ಯರು. ಪ್ರಾಣನಾಥರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನ್ ಸಾಹೇಬರಲ್ಲಿ ಕಲಿತವರು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಇಷ್ಟು ಹೇಳಿದರೆ ನೆರೆದವರಲ್ಲಿ ಗದಗ ಹುಬ್ಬಳ್ಳಿಯ ಕಡೆಯವರ ಕಿವಿ ನಿಮಿರುತ್ತದೆ. ರೈಲಿಯವರು ಆಗ ಸ್ವರ ಬರೆದಿಡುವುದನ್ನು ಬಿಟ್ಟು ಮನೋಧರ್ಮದಿಂದಲೇ ನುಡಿಸುತ್ತಿದ್ದರು. ನಾಲ್ವರು ನುಡಿಸಬೇಕಾದರೆ ಬರೆದುಕೊಡಲೇಬೇಕೆಂದು ಇವರು ಹಟ ಹಿಡಿದು ಅವರ ಕೈಯಲ್ಲಿ ಮತ್ತೆ ಲೇಖನಿ ಹಿಡಿಸಿದರು. ಸಾರಂಗಿಯ ಪಂಡಿತ ರಾಮ ನಾರಾಯಣರ ಮಿಶ್ರ ಭೈರವಿಯ ಆಲಾಪವನ್ನೂ ಇವರು ತಮ್ಮ ತಂತಿಗಳಿಗೆ ಇಳಿಸಿಕೊಂಡು 2009ರ ಒಂದು ಧ್ವನಿಮುದ್ರಣದಲ್ಲಿ ಕೊಟ್ಟರು.

2005ರಲ್ಲಿ ಹೊರಬಂದ ಇನ್ನೊಂದು ಧ್ವನಿಮುದ್ರಣ ತಮ್ಮಲ್ಲಿ ಹಲವರಿಗೆ ಹತ್ತಿರದ್ದು. ಅದು ರಾಹುಲ್ ದೇವ್ ಬರ್ಮನ್ನರ ಚಲನಚಿತ್ರ ಗೀತೆಗಳದು. ಹಾಡಿದವರು ಆಗ ಎಪ್ಪತ್ತು ದಾಟಿದ್ದ ಆಶಾ ಭೋಸ್ಲೆಯವರು, ತಬಲಾ ಜಾಕಿರ್ ಹುಸೇನ್ ಅವರದು. ಚಹಾ ಅಂಗಡಿಯ ರೇಡಿಯೋದಲ್ಲಿ ನಾವು ಕೇಳುತ್ತ ಬಂದ ‘ದಮ್ ಮಾರೋ ದಮ್’, ‘ಚುರಾ ಲಿಯಾ’ ಹಾಡುಗಳನ್ನು ಹೈಡನ್ನನ ಕೃತಿಗೆ ಕೊಡುವಷ್ಟೇ ಶ್ರದ್ಧೆ ಕೊಟ್ಟು ನುಡಿಸಿದರು. ದೊಡ್ಡ ವಾದ್ಯವೃಂದ ನುಡಿಸಿದ್ದನ್ನು ನಾಲ್ಕು ಜನ ಹೊರಬೇಕಾಯಿತು. ಹಲವು ಪದರಗಳನ್ನು ಒಂದರ ಮೇಲೊಂದು ಮುದ್ರಿಸಿಕೊಂಡರು. ಸಂಗೀತದಲ್ಲಿ ಇದು ಮೇಲಿನ ಜಾತಿ ಇದು ಕೆಳಗಿನ ಜಾತಿ ಎಂಬ ಎಣಿಕೆ ಅವರಿಗಿರಲಿಲ್ಲ.

ಇವರ ಬಾಳೆಲ್ಲ ಹಾರತುರಾಯಿಯದೇ ಎಂದು ತಾವು ಎಣಿಸಬಾರದು. ವರ್ಷದಲ್ಲಿ ಹಲವು ತಿಂಗಳು ಊರೂರು ಅಲೆದಾಟ. ಮನೆಯ ಮಂದಿಗಿಂತ ಹೆಚ್ಚು ಹೊತ್ತು ಈ ಮೂವರ ಜೊತೆ. 1995ರಲ್ಲಿ ಹ್ಯಾರಿಂಗ್ಟನ್ನರ ಹದಿನಾರು ವರ್ಷದ ಮಗ ಆಡಮ್, ಮನೆಯವರೊಡನೆ ಬೆಟ್ಟ ಹತ್ತುತ್ತಿದ್ದಾಗ ಇದ್ದಕ್ಕಿದ್ದಂತೆ ತೀರಿಕೊಂಡ. ಅಂಥ ಪೆಟ್ಟು ಬಿದ್ದವನು ಕಮಾನು ಕೆಳಗಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಟೆರ್ರಿ ರೈಲಿಯವರು ಆ ಹುಡುಗನ ನೆನಪಿಗೆ ‘ರಿಕ್ವಿಯಮ್ ಫಾರ್ ಆಡಮ್’ ಎಂಬುದನ್ನು ಬರೆದರು. ತಂದೆ ತನ್ನ ಮೂವರು ಸಂಗಡಿಗರೊಡನೆ ಕೂತು ಅದನ್ನು ನುಡಿಸಿದ. ಒಬ್ಬನೇ ಹೊರಲಾರದ್ದನ್ನು ನಾಲ್ವರು ಹೊತ್ತರು.

ಇನ್ನು ನಮ್ಮ ಪ್ರಶ್ನೆಗೆ ಬರುತ್ತೇವೆ. ಒಬ್ಬರು ಎದ್ದುಹೋದರೆ ಮೇಳದ ಗತಿ ಏನು? 1999ರಲ್ಲಿ ಸೆಲ್ಲೋದ ಜಾನ್ರೆನೋ ಇಪ್ಪತ್ತು ವರ್ಷದ ಬಳಿಕ ಮೇಳ ಬಿಟ್ಟರು. ಉಸಿರಿನ ಮೇಲೆ ನಡೆಯುವ ಕೆಲಸದಲ್ಲಿ ಒಂದು ಉಸಿರು ಬದಲಾಯಿತೆಂದರೆ ಚಿಕ್ಕ ಮಾತಲ್ಲ. ಗೊತ್ತಿದ್ದ ಕೃತಿಗಳನ್ನೆಲ್ಲ ಹೊಸಬರೊಡನೆ ಮೊದಲಿನಿಂದ ಕೂತು ಕಲಿಯಬೇಕು. ಜೆನಿಫರ್ ಕಲ್ಪ್ ಬಂದರು. 2005ರಲ್ಲಿ ಜೆಫ್ರಿ ಝೈಗ್ಲರ್, 2013ರಲ್ಲಿ ಸನ್ನಿ ಯಾಂಗ್, 2023ರಲ್ಲಿ ಪಾಲ್ ವಿಯಾಂಕೋ. ಒಂದು ಕುರ್ಚಿಗೆ ಇಪ್ಪತ್ತೈದು ವರ್ಷದಲ್ಲಿ ನಾಲ್ಕು ಜನ. ಆಮೇಲೆ ಇನ್ನೂ ದೊಡ್ಡ ಮಾತು. 2024ರಲ್ಲಿ, ಮೇಳ ಐವತ್ತು ವರ್ಷ ತುಂಬಿದ ಹಬ್ಬ ಮುಗಿಸುತ್ತಿದ್ದಂತೆ, ಶೆರ್ಬಾ ಮತ್ತು ಡಟ್ ಇಬ್ಬರೂ ಒಟ್ಟಿಗೆ ನಿವೃತ್ತರಾದರು. ಒಬ್ಬರದು ನಲವತ್ತಾರು ವರ್ಷದ ಸೇವೆ, ಇನ್ನೊಬ್ಬರದು ನಲವತ್ತೇಳು. ನಾಲ್ವರಲ್ಲಿ ಇಬ್ಬರು! ಲೆಕ್ಕ ನಮ್ಮದೇ.

ಅಲ್ಲಿ ಯಾರೂ ಬಾಗಿಲು ಹಾಕಲಿಲ್ಲ. ಪಿಟೀಲಿಗೆ ಗ್ಯಾಬ್ರಿಯೆಲಾ ಡಿಯಾಜ್, ವಯೋಲಾಕ್ಕೆ ಅಯಾನೆ ಕೊಜಾಸಾ ಬಂದು ಕೂತರು. ಮೊದಲಿನ ದಿನದ ಹ್ಯಾರಿಂಗ್ಟನ್ನರು, ಎಪ್ಪತ್ತರ ಗಡಿ ದಾಟಿದವರು, ತಮಗಿಂತ ಬಹಳ ಚಿಕ್ಕವರಾದ ಮೂವರ ನಡುವೆ ಮತ್ತೆ ಉಸಿರೆಳೆದು ಕಮಾನು ಎತ್ತಿದರು.

ಇದು ಹೇಗೆ ಸಾಧ್ಯವಾಯಿತು? ನಮಗೆ ತೋರುವ ಕಾರಣ ಒಂದೇ. ಅವರು ತಮಗೆ ಬಂದದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. 2015ರಲ್ಲಿ ಅವರು ಒಂದು ಕೆಲಸ ಆರಂಭಿಸಿದರು. ಈ ಕಾಲದ ಸಂಗೀತವನ್ನು ಕಲಿಯುವ ತರುಣರಿಗೆಂದು ಐವತ್ತು ಹೊಸ ಕೃತಿಗಳನ್ನು ಬರೆಸುವುದು. ಬರೆದವರಲ್ಲಿ ಇಪ್ಪತ್ತೈದು ಹೆಂಗಸರು, ಇಪ್ಪತ್ತೈದು ಗಂಡಸರು. ಮಾಲಿಯ ಬಾಲಫೋನ್ ವಾದಕರಿಂದ ಹಿಡಿದು ನಮ್ಮ ಜಾಕಿರ್ ಹುಸೇನರವರೆಗೆ ಅದರಲ್ಲಿ ಇದ್ದಾರೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಹುಸೇನರು ಆ ಮಾಲೆಗೆ ಕೊಟ್ಟ ಕೃತಿಯ ಹೆಸರು ‘ಪಲ್ಲವಿ’. ಆ ಐವತ್ತರ ಸ್ವರಲಿಪಿಯನ್ನೂ ಧ್ವನಿಮುದ್ರಣವನ್ನೂ ಅಂತರಜಾಲದಲ್ಲಿ ಬಿಟ್ಟಿಯಾಗಿ ಇಟ್ಟರು. ಯಾವ ಊರಿನ ಯಾವ ನಾಲ್ಕು ಹುಡುಗರಾದರೂ ಇಳಿಸಿಕೊಂಡು ನುಡಿಸಬಹುದು. ದುಡ್ಡು ಕೊಡದೆ ಬಂದು ಓದಿಹೋಗಿ ಎಂದು ನಾವು ಈ ಬಾಗಿಲ ಮೇಲೆ ಬರೆದ ಹಾಗೆಯೇ ಅದು.

ನಾವು ನಾಲ್ವರು ಇಷ್ಟು ವರ್ಷ ಒಂದು ತಪ್ಪು ಮಾಡಿದ್ದೇವೆ. ಅದನ್ನು ಒಪ್ಪಿಕೊಳ್ಳುವುದಕ್ಕೇ ಈ ಭಾಷಣ ಎಂದರೂ ನಡೆದೀತು. ಬೀಗ, ಪುಸ್ತಕಗಳ ಪಟ್ಟಿ, ಪತ್ರಿಕೆಯವರ ಲೆಕ್ಕ, ಎಲ್ಲವನ್ನೂ ನಾವೇ ಇಟ್ಟುಕೊಂಡೆವು. ಯಾರಿಗೂ ತೊಂದರೆ ಕೊಡಬಾರದೆಂಬ ಒಳ್ಳೆಯ ಬುದ್ಧಿಯಿಂದಲೇ ಇಟ್ಟುಕೊಂಡೆವು. ಆದರೆ ಅದರಿಂದ ಆದದ್ದೇನು? ಯಾವ ಪುಸ್ತಕ ಎಲ್ಲಿದೆ ಎಂಬುದು ನಮ್ಮ ಹಿರಿಯರ ತಲೆಯಲ್ಲಿ ಮಾತ್ರ ಇದೆ. ಅವರು ಹೊರಟರೆ ಕಪಾಟು ಇದ್ದೂ ಕುರುಡಾಗುತ್ತದೆ. ಸಂಜೆಯ ಹೊತ್ತು ಬಂದು ಪರೀಕ್ಷೆಗೆ ಓದುವ ಹುಡುಗರು, ಹೊಟೇಲಿನ ಕೆಲಸ ಮುಗಿಸಿ ಊರ ಸುದ್ದಿ ನೋಡಲು ಬರುವ ತರುಣರು, ಮಕ್ಕಳಿಗೆ ಕಥೆಪುಸ್ತಕ ಒಯ್ಯುವ ತಾಯಂದಿರು, ಇವರನ್ನು ನಾವು ಓದುಗರೆಂದು ಮಾತ್ರ ಎಣಿಸಿದೆವು. ಕಮಾನು ಕೈಗೆ ಕೊಟ್ಟು ನೋಡಲಿಲ್ಲ.

ಹಿರಿಯರು ಯುಗಾದಿಯವರೆಗೆ ಇರುತ್ತಾರೆ. ಅಷ್ಟರೊಳಗೆ ಪ್ರತಿ ಭಾನುವಾರ ಬೆಳಿಗ್ಗೆ ಎರಡು ತಾಸು ಕೂತು, ಕಪಾಟು ಕಪಾಟಾಗಿ ಪಟ್ಟಿ ಹೇಳಿಕೊಡಲು ಒಪ್ಪಿದ್ದಾರೆ. ಹೊಸಬರು ನಮ್ಮ ಹಾಗೆಯೇ ಮಾಡಬೇಕೆಂಬ ಕಟ್ಟಳೆ ಇಲ್ಲ. ಅವರು ಹೊಸ ಪುಸ್ತಕ ಬೇಕೆನ್ನಬಹುದು, ಬಾಗಿಲು ತೆಗೆಯುವ ಹೊತ್ತು ಬದಲಿಸಬೇಕೆನ್ನಬಹುದು. ಅವರು ಮುಂದೆ ನಡೆಸುವಾಗ ನಮ್ಮ ದನಿ ತಗ್ಗಿಸಿಕೊಳ್ಳುವುದನ್ನು ನಾವೂ ಕಲಿಯಬೇಕಾಗಿದೆ.

ಪಾಳಿಯ ಪಟ್ಟಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ನಾಲ್ಕು ಸಾಲುಗಳಲ್ಲಿ ಎರಡು ಖಾಲಿ ಇವೆ. ಪಕ್ಕದಲ್ಲಿ ಪೆನ್ನೂ ಇದೆ. ಹೋಗುವಾಗ ದಯವಿಟ್ಟು ಒಮ್ಮೆ ಆ ಕಡೆ ನೋಡಿ ಹೋಗಬೇಕು.